ಸೈಕಲ್ಲಿನವರು ಕೇಳಿದ ರಸ್ತೆ

ಇಂಗ್ಲೆಂಡಿನ ಸೈಕಲ್ ಕ್ಲಬ್ಬಿನವರು ಭಾನುವಾರದ ಸವಾರಿಗೆ ಹೊರಟರೆ ದೊಡ್ಡ ರಸ್ತೆ ಬಿಟ್ಟು ಹಳ್ಳಿಯ ಸಣ್ಣ ದಾರಿ ಹಿಡಿಯುವುದೇ ಹೆಚ್ಚು. ಇದರ ಹಿಂದೊಂದು ಕಥೆಯಿದೆ.

ರೈಲು ಬಂದ ಮೇಲೆ ಅಲ್ಲಿ ಕುದುರೆಗಾಡಿಗಳ ಹೆದ್ದಾರಿಗಳು ಬಿಕೋ ಎಂದವು. ಸುಂಕದ ಹಣ ಬತ್ತಿ ಹಲವು ಕಡೆ ಹಾಳುಬಿದ್ದವು. ಆ ದಾರಿಗಳಿಗೆ ಮತ್ತೆ ಜೀವ ತಂದವರು ಸೈಕಲ್ ಸವಾರರು. 1878ರಲ್ಲಿ ಹ್ಯಾರೊಗೇಟಿನಲ್ಲಿ ಅವರ ಪ್ರವಾಸಿ ಕ್ಲಬ್ಬು ಹುಟ್ಟಿತು. ಡನ್‌ಲಪ್ ಗಾಳಿ ಟೈರಿಗೆ ಪೇಟೆಂಟ್ ಪಡೆದದ್ದು 1888ರಲ್ಲಿ; ಅಲ್ಲಿಯವರೆಗೆ ಗಟ್ಟಿ ರಬ್ಬರಿನ ಚಕ್ರ, ಒಂದೊಂದು ಕಲ್ಲೂ ಬೆನ್ನಿಗೆ ತಟ್ಟುತ್ತಿತ್ತು. ಅದಕ್ಕೇ 1886ರಲ್ಲಿ ಈ ಕ್ಲಬ್ಬು ಇನ್ನೊಂದು ಸೈಕಲ್ ಸಂಘದ ಜೊತೆ ಸೇರಿ ರಸ್ತೆ ಸುಧಾರಣಾ ಸಂಘ ಕಟ್ಟಿತು.

ಕಾರು ಬಂದದ್ದು ಆಮೇಲೆ. ಹೆದ್ದಾರಿ ಅದರ ಪಾಲಾಯಿತು. ಕೇಳಿದವರಿಗೆ ಓಣಿ ಉಳಿಯಿತು. ರಸ್ತೆ ಕಾರಿನವರದ್ದು ಎನ್ನುವವರಿಗೆ ಈ ಚರಿತ್ರೆ ಹೇಳಬೇಕು.