ನಿಯಂತ್ರಣ ವಿದ್ಯುತ್: ಎಸಿ, ಡಿಸಿ ಆಯ್ಕೆಯ ಚರಿತ್ರೆ

ಮೋಟಾರನ್ನು ತಿರುಗಿಸುವ ಕರೆಂಟು ಬೇರೆ, ಅದಕ್ಕೆ ‘ಓಡು’, ‘ನಿಲ್ಲು’ ಎಂದು ಹೇಳುವ ಕರೆಂಟು ಬೇರೆ. ಎರಡನೆಯದೇ ನಿಯಂತ್ರಣ ವಿದ್ಯುತ್. ಗುಂಡಿ, ರಿಲೇ, ಕಾಂಟ್ಯಾಕ್ಟರಿನ ಕಾಯಿಲ್ ಎಲ್ಲವೂ ಇದರ ಮೇಲೆ ನಡೆಯುತ್ತವೆ.

ಮೈಸೂರು ಸಂಸ್ಥಾನದಲ್ಲಿ 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗೆ ಹರಿದದ್ದು ಎಸಿ. ಅಷ್ಟು ದೂರಕ್ಕೆ ಒತ್ತಡ ಏರಿಸಿ ಕಳಿಸಲು ಟ್ರಾನ್ಸ್‌ಫಾರ್ಮರ್ ಬೇಕು, ಅದಕ್ಕೆ ಎಸಿಯೇ ಬೇಕು. ಲೈನಿನಲ್ಲಿ ಬಂದದ್ದೇ ಪ್ಯಾನಲ್ಲಿಗೂ ಬಂತು: ಪುಟ್ಟ ಟ್ರಾನ್ಸ್‌ಫಾರ್ಮರೊಂದು 415 ವೋಲ್ಟನ್ನು 110ಕ್ಕೆ ಇಳಿಸಿದರೆ ಕೆಲಸ ಮುಗಿಯಿತು.

ಹೊಳೆನರಸೀಪುರ, ಅರಕಲಗೂಡು ಕಡೆಯ ಪಂಪ್‌ಸೆಟ್ಟುಗಳ ಸ್ಟಾರ್ಟರಿನಲ್ಲಿ ಸಾಮಾನ್ಯವಾಗಿ ಅದೂ ಇರುವುದಿಲ್ಲ. ಕಾಯಿಲ್ ನೇರವಾಗಿ ಎರಡು ಫೇಸುಗಳ ನಡುವೆ. ಹಸಿರು ಗುಂಡಿ ಒತ್ತಿದರೆ ‘ಟಕ್’ ಎಂದು ಹಿಡಿಯುತ್ತದೆ. ಕರೆಂಟು ಹೋದರೆ ಬಿಡುತ್ತದೆ, ಬಂದಾಗ ತಾನಾಗಿ ಹಿಡಿಯುವುದಿಲ್ಲ. ಬಾವಿಗೆ ಇಳಿದವನ ಜೀವ ಉಳಿಸುವ ಗುಣವಿದು. ಸಂಜೆ ವೋಲ್ಟೇಜ್ ಕುಸಿದಾಗ ಮಾತ್ರ ಎಸಿ ಕಾಯಿಲಿನ ದೌರ್ಬಲ್ಯ ಕಾಣುತ್ತದೆ. ಕಬ್ಬಿಣದ ತುಂಡು ಪೂರ್ತಿ ಅಂಟದೆ ಗರಗರ ಅನ್ನುತ್ತದೆ; ಅಂಟದಿದ್ದಷ್ಟು ಹೊತ್ತೂ ಕಾಯಿಲ್ ಹಲವು ಪಟ್ಟು ಕರೆಂಟು ಎಳೆದು, ಕೊನೆಗೆ ಕರಕಲಾಗುತ್ತದೆ. ಡಿಸಿ ಕಾಯಿಲಿಗೆ ಈ ಕಾಟವಿಲ್ಲ, ಅದರ ಕರೆಂಟು ತಂತಿಯ ರೋಧಕ್ಕೆ ಕಟ್ಟುಬಿದ್ದದ್ದು.

ಸಬ್‌ಸ್ಟೇಷನ್ನಿನ ಲೆಕ್ಕವೇ ಬೇರೆ. ಹಾಸನದಲ್ಲಾಗಲಿ ಚನ್ನರಾಯಪಟ್ಟಣದಲ್ಲಾಗಲಿ, ಲೈನು ಶಾರ್ಟ್ ಆದ ಗಳಿಗೆಯಲ್ಲೇ ಎಸಿ ಒತ್ತಡ ಬೀಳುತ್ತದೆ; ಬ್ರೇಕರ್ ತೆರೆಯಬೇಕಾದದ್ದೂ ಆಗಲೇ. ಆದ್ದರಿಂದ ಬ್ರೇಕರಿಗೆ ಅಪ್ಪಣೆ ಬ್ಯಾಟರಿಯಿಂದ ಹೋಗುತ್ತದೆ. 110 ವೋಲ್ಟಿನ ಬ್ಯಾಟರಿಗೆ 2 ವೋಲ್ಟಿನ 55 ಸೆಲ್ಲುಗಳು ಸಾಲಾಗಿ ಕೂತಿರುತ್ತವೆ.

ಕಾರ್ಖಾನೆಯೊಳಗೆ ಡಿಸಿಗೆ ದಾರಿ ಮಾಡಿದ್ದು ಟ್ರಾನ್ಸಿಸ್ಟರ್. ಅಮೆರಿಕದಲ್ಲಿ 1968–69ರಲ್ಲಿ ಹುಟ್ಟಿದ ಪಿಎಲ್‌ಸಿ (ಪ್ರೋಗ್ರಾಂ ಮಾಡಬಹುದಾದ ಎಲೆಕ್ಟ್ರಾನಿಕ್ ನಿಯಂತ್ರಕ) ಹರಡಿದಂತೆ ಸೆನ್ಸರುಗಳ ಜೊತೆ 24 ವೋಲ್ಟ್ ಡಿಸಿ ರೂಢಿಯಾಯಿತು. ಹಾಲಿನ ಡೈರಿಯಂಥ ನೀರು ಚಿಮ್ಮುವ ಜಾಗದಲ್ಲಿ ಅದು ಕೈಗೆ ತಗುಲಿದರೂ ಅಪಾಯ ಕಡಿಮೆ. ಆದರೆ ಸಕ್ಕರೆ ಕಾರ್ಖಾನೆಯಂಥ ಉದ್ದದ ಅಂಗಳದಲ್ಲಿ ತಂತಿಯಲ್ಲಿ 2 ವೋಲ್ಟ್ ಕುಸಿದರೆ 24ರಲ್ಲಿ ಶೇ. 8ರಷ್ಟು ಹೋಯಿತು; 110ರಲ್ಲಿ ಶೇ. 2 ಕೂಡ ಅಲ್ಲ. ಡಿಸಿ ಕಿಡಿ ಬೇಗ ಆರುವುದೂ ಇಲ್ಲ. ಎಸಿ ಸೆಕೆಂಡಿಗೆ 100 ಸಲ ಸೊನ್ನೆ ಮುಟ್ಟುವುದರಿಂದ ಕಿಡಿ ತಾನೇ ಕಡಿಯುತ್ತದೆ. ಹಾಗೆಂದು ಎಸಿಗೆ ಉದ್ದದ ಕೇಬಲ್ ನಿರಪಾಯವೆಂದಲ್ಲ: ತಂತಿಗಳ ನಡುವಿನ ಕೆಪಾಸಿಟೆನ್ಸಿನಿಂದ ಹರಿವ ಕರೆಂಟೇ ಸಾಕಾಗಿ, ಕೆಂಪು ಗುಂಡಿ ಒತ್ತಿದರೂ ಕಾಂಟ್ಯಾಕ್ಟರ್ ಬಿಡದಿರಬಹುದು. ಇದು ನಿಜಕ್ಕೂ ಭಯಪಡಬೇಕಾದ ದೋಷ.

ಇಂದಿನ ಎಷ್ಟೋ ಪ್ಯಾನಲ್ಲುಗಳಲ್ಲಿ ಎರಡೂ ಒಟ್ಟಿಗಿವೆ: ಪಿಎಲ್‌ಸಿಗೆ 24 ವೋಲ್ಟ್ ಡಿಸಿ, ದೊಡ್ಡ ಕಾಂಟ್ಯಾಕ್ಟರುಗಳಿಗೆ ಎಸಿ, ನಡುವೆ ಪುಟ್ಟ ರಿಲೇಗಳು. ಯಂತ್ರಗಳ ಅಂತಾರಾಷ್ಟ್ರೀಯ ಮಾನದಂಡದಲ್ಲಿ ಎಸಿ ನಿಯಂತ್ರಣದ ತಂತಿಗೆ ಕೆಂಪು ಬಣ್ಣ, ಡಿಸಿಗೆ ನೀಲಿ.