ಲಾಹೋರಿನ ರೈಲ್ವೆ ಬಂಗಲೆಗಳು

ಬಂಗಲೆ ಎಂಬ ಶಬ್ದವನ್ನು ನಾವು ಇಂಗ್ಲೀಷರಿಂದ ಕಲಿತೆವೆಂದು ಭಾವಿಸುವವರು ಅನೇಕರುಂಟು. ವಾಸ್ತವವಾಗಿ ಅದು ಅವರೇ ಈ ದೇಶದಿಂದ ಎರವಲು ಪಡೆದುದು. ಬಂಗಾಳದ ರೈತನ ಬಾಗಿದ ಸೂರಿನ ಹುಲ್ಲುಮನೆಯ ಹೆಸರು ಕಂಪೆನಿಯ ನೌಕರರ ಬಾಯಿಗೆ ಬಿದ್ದು, ಕಾಲಕ್ರಮದಲ್ಲಿ ದೊರೆಗಳ ನಿವಾಸಕ್ಕೆ ಸಂದಿತು. ಆ ಬಂಗಲೆಯು ಉಗಿಬಂಡಿಯ ಜೊತೆಯಲ್ಲಿ ಪಂಜಾಬಿನ ಉರಿಬಿಸಿಲಿಗೆ ಹೋಗಿ ಏನಾಯಿತೆಂಬುದನ್ನು ಈಗ ನೋಡೋಣ.

ಲಾಹೋರಿನ ರೈಲ್ವೆ ನಿಲ್ದಾಣಕ್ಕೆ 1859ರಲ್ಲಿ ಸರ್ ಜಾನ್ ಲಾರೆನ್ಸನು ಅಸ್ತಿಭಾರವನ್ನಿಟ್ಟನು. 1857ರ ದಂಗೆಯ ಭೀತಿ ಇನ್ನೂ ಆರಿರಲಿಲ್ಲ. ಆದಕಾರಣ ವಿಲಿಯಂ ಬ್ರಂಟನ್ ಎಂಬ ಎಂಜಿನಿಯರನು ನಿಲ್ದಾಣವನ್ನು ಕೋಟೆಯಂತೆಯೇ ಕಟ್ಟಿದನು: ಬುರುಜುಗಳು, ಗುಂಡು ಹಾರಿಸುವ ಕಿಂಡಿಗಳು, ರೈಲು ಒಳಹೊಗುವ ದ್ವಾರಗಳನ್ನು ಮುಚ್ಚಲು ಕದಗಳು. 1862ರಲ್ಲಿ ಅಮೃತಸರಕ್ಕೆ ರೈಲು ನಡೆಯಿತು. ಮುಲ್ತಾನಿನ ಮಾರ್ಗಕ್ಕೆ ಜಲ್ಲಿ ಬೇಕಾದಾಗ ಹರಪ್ಪದ ದಿಬ್ಬಗಳನ್ನು ಅಗೆದು ಸುಮಾರು 100 ಮೈಲಿಯುದ್ದಕ್ಕೂ ಅಲ್ಲಿಯ ಇಟ್ಟಿಗೆಯನ್ನು ತುಂಬಿದರು. ಆ ಇಟ್ಟಿಗೆಗಳ ಪ್ರಾಚೀನತೆ ಲೋಕಕ್ಕೆ ತಿಳಿದುದು 1924ರಲ್ಲಿ! ಲಾಹೋರಿನಲ್ಲಿಯೇ, ನಿಲ್ದಾಣದ ಸಮೀಪದಲ್ಲಿ, ಷಹಜಹಾನನ ದಾದಿಯಾದ ದಾಯಿ ಅಂಗಾ ಕಟ್ಟಿಸಿದ ಮಸೀದಿಯು ಮೊದಲು ಪತ್ರಿಕಾ ಸಂಪಾದಕನೊಬ್ಬನ ಮನೆಯಾಗಿ, ಅನಂತರ ರೈಲ್ವೆಯ ಕಚೇರಿಯಾಗಿ, 1903ರಲ್ಲಿ ಮಾತ್ರ ಮುಸಲ್ಮಾನರಿಗೆ ಹಿಂದಿರುಗಿತು. ಕಟ್ಟುವವರ ಆತುರಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಿಲ್ಲ.

ಇನ್ನು ಬಂಗಲೆ. ಮೇ, ಜೂನ್ ತಿಂಗಳುಗಳಲ್ಲಿ ಲಾಹೋರಿನ ಉಷ್ಣಮಾನವು 110 ಡಿಗ್ರಿ ಫ್ಯಾರನ್‌ಹೀಟನ್ನು ಮೀರುವುದು ಅಪರೂಪವಲ್ಲ. ಇದಕ್ಕೆ ಪ್ರತೀಕಾರವಾಗಿ ದಪ್ಪ ಗೋಡೆ, ಎತ್ತರವಾದ ಮಾಳಿಗೆ, ಸುತ್ತಲೂ ಕಂಬಸಾಲಿನ ವರಾಂಡ, ಸೂರಿನಡಿ ಹಗ್ಗದಿಂದ ತೆರೆದು ಮುಚ್ಚುವ ಗವಾಕ್ಷಿಗಳು. ವರಾಂಡವು ಬಿಸಿಲು ಗೋಡೆಯನ್ನು ಮುಟ್ಟದಂತೆ ತಡೆಯುವುದು. ಮೇಲೇರಿದ ಬಿಸಿಗಾಳಿ ಗವಾಕ್ಷಿಯಿಂದ ಹೊರಟುಹೋಗುವುದು. ರೈಲ್ವೆಯವರ ಕಟ್ಟಡಗಳಲ್ಲಿ ಸವೆದ ಹಳಿಗಳನ್ನೇ ತೊಲೆಗಳಾಗಿ ಹಾಯಿಸಿದುದೂ ಉಂಟು. ಮಿತವ್ಯಯದಲ್ಲಿ ಅವರು ಯಾರಿಗೂ ಕಡಮೆಯವರಲ್ಲ. ಬೆಳಗಾಗುತ್ತಲೇ ಬಾಗಿಲು ಕಿಟಕಿಗಳನ್ನು ಭದ್ರವಾಗಿ ಮುಚ್ಚಿ, ರಾತ್ರಿಯ ತಂಪನ್ನು ಒಳಗೆ ಸೆರೆಹಿಡಿದು, ಸಂಜೆ ತೆರೆಯುವುದು ಪದ್ಧತಿ. ಹಗಲೆಲ್ಲಾ ಕಾದ ಗೋಡೆಯು ರಾತ್ರಿ ಆ ಕಾವನ್ನು ಒಳಗೆ ಬಿಡುತ್ತಿದ್ದುದರಿಂದ ನಿದ್ರೆಗೆ ಮಾಳಿಗೆಯೋ ಹುಲ್ಲುಹಾಸೋ ಗತಿ.

ಬಾಗಿಲಿಗೆ ಲಾವಂಚದ ತಟ್ಟಿಯನ್ನು ಕಟ್ಟಿ ನೀರೆರೆಯುತ್ತಿದ್ದರು. ಒಣ ಬಿಸಿಗಾಳಿ ಅದರ ಮೂಲಕ ಹಾದು, ಪರಿಮಳದೊಡನೆ ತಣ್ಣಗೆ ಒಳಬರುತ್ತಿತ್ತು. ಮಳೆಗಾಲದಲ್ಲಿ ಗಾಳಿಯೇ ತೇವವಾದಾಗ ಈ ಉಪಾಯ ವ್ಯರ್ಥ. ಆಗ ಉಳಿಯುತ್ತಿದ್ದುದು ಪಂಖವೊಂದೇ. ತೊಲೆಯಿಂದ ತೂಗುಬಿಟ್ಟ ಚೌಕಟ್ಟಿನ ಬಟ್ಟೆಗೆ ಹಗ್ಗ. ಆ ಹಗ್ಗವು ಗೋಡೆಯ ರಂಧ್ರದಿಂದ ರಾಟೆಯ ಮೇಲೆ ಹೊರಗಿಳಿದು ವರಾಂಡದಲ್ಲಿ ಕುಳಿತವನ ಕೈಸೇರುವುದು. ಇಲ್ಲಿ ನಾವು ಸ್ವಲ್ಪ ನಿಲ್ಲಬೇಕು. ವಾಸ್ತುಶಿಲ್ಪದ ಗ್ರಂಥಗಳು ಗೋಡೆಯ ದಪ್ಪವನ್ನು ಅಂಗುಲಗಳಲ್ಲಿ ಹೇಳುವುವು. ಈ ಮನುಷ್ಯನನ್ನು ಹೇಳುವುದು ವಿರಳ. ಆದರೆ ಬಂಗಲೆಯ ತಂಪು ಪೂರ್ಣವಾಗುತ್ತಿದ್ದುದು ಅವನ ತೋಳಿನಿಂದಲೇ. ಅವನ ಕೈ ನಿಂತರೆ ಒಳಗಿನವನಿಗೆ ಎಚ್ಚರ, ಎಚ್ಚರವಾದರೆ ಬೈಗುಳು.

ಹೀಗೆ ಒಂದೇ ಆವರಣದಲ್ಲಿ ಎರಡು ಬಗೆಯ ಹವೆ ಇತ್ತೆನ್ನಬಹುದು. ಅಧಿಕಾರಿಯ ಪದವಿಗೆ ತಕ್ಕಂತೆ ಬಂಗಲೆಯ ಕೊಠಡಿಗಳೂ ತೋಟವೂ ಹಿಗ್ಗುವುವು, ಕುಗ್ಗುವುವು; ಹಿತ್ತಲಿನ ಸೇವಕರ ಸಾಲುಮನೆಗಳಿಗೆ ಎತ್ತರದ ಮಾಳಿಗೆಯೂ ಇಲ್ಲ, ಗವಾಕ್ಷಿಯೂ ಇಲ್ಲ. ಮೇಯೋ ಗಾರ್ಡನ್ಸ್ ಎಂಬ ರೈಲ್ವೆ ಅಧಿಕಾರಿಗಳ ಬಡಾವಣೆಯ ವಿಶಾಲವಾದ ಮರಗಳ ನೆರಳು ಇಂದಿನ ಪ್ರವಾಸಿಗೆ ಮನೋಹರವಾಗಿ ತೋರುವುದು ಸಹಜ. ಆ ಮನೋಹರತೆಯನ್ನು ನಾವೂ ಅಲ್ಲಗಳೆಯುವುದಿಲ್ಲ. ಸಿಮೆಂಟಿನ ತೆಳುಗೋಡೆಗಳಲ್ಲಿ ಬೇಯುವ ನಮಗೆ ಆ ವರಾಂಡದ ವಿವೇಕ ಚೆನ್ನಾಗಿ ತಿಳಿಯುತ್ತದೆ.

ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಲಾಹೋರಿಗೆ ವಿದ್ಯುತ್ತು ಬಂದು, ಬೀಸಣಿಗೆಗಳು ತಾವಾಗಿಯೇ ತಿರುಗತೊಡಗಿದುವು. ಪಂಖದ ಚೌಕಟ್ಟುಗಳು ಇಳಿದುವು. ವರಾಂಡದಲ್ಲಿ ಕುಳಿತಿದ್ದವನ ಕೆಲಸವೂ ಅವುಗಳೊಡನೆ ಹೋಯಿತು.