ಎಂಟು ಚದರದ ಕರಾರು

ಅಪ್ಪನ ಟ್ರಂಕಿನ ತಳದಲ್ಲಿ ಒಂದು ಛಾಪಾ ಕಾಗದ ಸಿಕ್ಕಿತು. ದಾವಣಗೆರೆಯ ನಮ್ಮ ಮನೆ ಕಟ್ಟಿಸಿದಾಗಿನ ಕರಾರು, 1981ನೇ ಇಸವಿಯದು. ಆಗ ನಾನು ಆರನೇ ತರಗತಿ. ಎಂಟು ಚದರದ ಮನೆ, ಅಂದರೆ 800 ಚದರಡಿ. ಚದರಕ್ಕೆ ಇಷ್ಟೆಂದು ಒಪ್ಪಂದ. ಒಟ್ಟು ಹತ್ತು ಸಾಲು. ಶಾಲೆಯಲ್ಲಿ ಇತಿಹಾಸ ಹೇಳುವ ನಾನು ಆ ಹತ್ತು ಸಾಲನ್ನು ಎಷ್ಟು ಸಲ ಓದಿದೆನೋ! ಅಪ್ಪನನ್ನು ಹಣ್ಣು ಮಾಡಿದ್ದು ಅದರಲ್ಲಿ ಬರೆಯದೆ ಬಿಟ್ಟ ಮಾತುಗಳು.

ಪಾಯ ಮೂರಡಿ ಎಂದಿದೆ. ನಮ್ಮದು ಎರೆ ನೆಲ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಿರುಕು ಬಿಡುತ್ತದೆ. ಗಟ್ಟಿ ನೆಲ ಸಿಕ್ಕಿದ್ದು ಆರಡಿಗೆ. "ಮೇಷ್ಟ್ರೇ, ಕೆಳಗಿನ ಮೂರಡಿ ಕರಾರಿನಾಗಿಲ್ಲ" ಎಂದ ಗುತ್ತಿಗೆದಾರ. ಅಮ್ಮ ಮಾತಾಡದೆ ಎರಡು ಬಳೆ ಕಳಚಿ ಕೊಟ್ಟರು.

ಆಮೇಲೆ ಸಿಮೆಂಟು. ಆಗ ಅದರ ಬೆಲೆ ಕಟ್ಟುತ್ತಿದ್ದುದೂ ಹಂಚುತ್ತಿದ್ದುದೂ ಸರ್ಕಾರವೇ. ಪರ್ಮಿಟ್ಟಿಗಾಗಿ ಅಪ್ಪ ಕಚೇರಿಗೆ ಅಲೆದರು. ಪರ್ಮಿಟ್ಟಿನ ಮೂಟೆ ಸಾಲದಿದ್ದರೆ ಕಾಳಸಂತೆಯೇ ಗತಿ. ಆ ಹೆಚ್ಚಿನ ದರ ಯಾರ ತಲೆಗೆ ಎಂದು ಕಾಗದದಲ್ಲಿರಲಿಲ್ಲ. ಸಿಮೆಂಟು ಎಂಥ ವಸ್ತುವಾಗಿತ್ತೆಂದರೆ, ಅದರ ಹಂಚಿಕೆಗೂ ಟ್ರಸ್ಟಿನ ದೇಣಿಗೆಗೂ ನಂಟಿದೆಯೆಂದು ಬಾಂಬೆ ಹೈಕೋರ್ಟು ತೀರ್ಪು ಕೊಟ್ಟು, 1982ರ ಜನವರಿಯಲ್ಲಿ ಮಹಾರಾಷ್ಟ್ರದ ಮುಖ್ಯಮಂತ್ರಿ ಎ.ಆರ್. ಅಂತುಳೆ ರಾಜೀನಾಮೆ ಕೊಡಬೇಕಾಯಿತು. ಮರುತಿಂಗಳೇ ಸರ್ಕಾರ ಹತೋಟಿಯನ್ನು ಭಾಗಶಃ ಸಡಿಲಿಸಿತು. ಅಷ್ಟರಲ್ಲಿ ನಮ್ಮ ಮನೆಗೆ ತಾರಸಿ ಬಿದ್ದಾಗಿತ್ತು.

ಜಗಳ ಬೆಳೆದಾಗ ಅಪ್ಪ ವಕೀಲರೊಬ್ಬರನ್ನು ಕೇಳಿದರು. 1872ರ ಕರಾರು ಕಾಯ್ದೆಯ 70ನೇ ಕಲಮನ್ನು ಅವರು ತೋರಿಸಿದರಂತೆ: ಪುಕ್ಕಟೆಯೆಂದಲ್ಲದೆ ಒಬ್ಬ ನ್ಯಾಯವಾಗಿ ಮಾಡಿಕೊಟ್ಟ ಕೆಲಸದ ಫಲವನ್ನು ಉಂಡವನು ಅದಕ್ಕೆ ಹಣ ಕೊಡಬೇಕು. ಅಪ್ಪ ಕೊಟ್ಟರು. ಪಾಯದ ಮಟ್ಟಿಗೆ ಗುತ್ತಿಗೆದಾರನ ಮಾತು ನ್ಯಾಯವೇ. ಗುಂಡಿ ತೆಗೆದು ನೋಡದೆ ಮೂರಡಿ ಎಂದು ಬರೆಸಿಕೊಂಡ ತಪ್ಪು ನಮ್ಮದು. ಆದರೆ ಅಪ್ಪ ಪರ್ಮಿಟ್ಟಿನಲ್ಲಿ ತಂದ ಮೂಟೆಗಳಿಗೂ ಆತ ಕಾಳಸಂತೆಯ ದರ ಹಾಕಿದ್ದ. ಅಪ್ಪನ ನೋಟುಪುಸ್ತಕದಲ್ಲಿ ಮೂಟೆಮೂಟೆಯ ಲೆಕ್ಕವಿದೆ. ಆ ಪುಟ ನೋಡಿದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ನೀರಿನ ತೊಟ್ಟಿ, ಕರೆಂಟಿನ ಠೇವಣಿ, ಕಾಂಪೌಂಡು ಇವೆಲ್ಲ ಚದರದ ಲೆಕ್ಕಕ್ಕೆ ಸೇರುವುದಿಲ್ಲವೆಂದು ಗೊತ್ತಾದದ್ದು ಗೃಹಪ್ರವೇಶದ ಹೊತ್ತಿಗೆ. ತೊಟ್ಟಿಯನ್ನು ಸಾಲ ಮಾಡಿ ಕಟ್ಟಿಸಿದರು. ಕಾಂಪೌಂಡು ಎದ್ದದ್ದು 1989ರಲ್ಲಿ. ಆ ವರ್ಷದ ಮಾರ್ಚಿನಲ್ಲಿ ಸಿಮೆಂಟಿನ ಹತೋಟಿ ಪೂರ್ತಿ ಹೋಗಿತ್ತು. ಅಪ್ಪ ನೇರ ಅಂಗಡಿಗೆ ಹೋಗಿ, ಯಾರ ಸಹಿಯನ್ನೂ ಕಾಯದೆ, ಹತ್ತು ಮೂಟೆ ತಂದರು. ಆ ರಸೀದಿಯನ್ನೂ ಇದೇ ಛಾಪಾ ಕಾಗದಕ್ಕೆ ಗುಂಡುಸೂಜಿ ಚುಚ್ಚಿ ಇಟ್ಟಿದ್ದಾರೆ.